ಸ್ವಂತ ವಿಮಾನ ಬೇಡ ಅನ್ನಲ್ಲ, ಒಬ್ಬರೇ ತಗೋಬೇಡಿ ಅಂತೀನಿ | ಭಾಗ 6

"ಪೈಲಟ್ ಲೈಸೆನ್ಸ್ ಬಂತು, ಈಗ ಒಂದು ಹಳೇ ಸೆಸ್ನಾ ತಗೊಳ್ಳೋಣ ಅಂತಿದೀನಿ. ಏನಂತೀರಾ?"

ಇನ್‌ಬಾಕ್ಸ್‌ನಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು. ಕೇಳೋರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವರೇ. ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ ☕

ಆಸೆ ತಪ್ಪಲ್ಲ. ಅಮೆರಿಕದಲ್ಲಿ ಇದು ಬರೀ ಕೋಟ್ಯಧಿಪತಿಗಳ ಆಟ ಅಲ್ಲ. ಕನಿಷ್ಠ 40 ಗಂಟೆ ಹಾರಾಟ, ಒಂದು ಲಿಖಿತ ಪರೀಕ್ಷೆ, ಕೊನೆಗೆ ಪರೀಕ್ಷಕರ ಜೊತೆ ಒಂದು ಹಾರಾಟ. ಇಷ್ಟಾದರೆ ಖಾಸಗಿ ಪೈಲಟ್ ಲೈಸೆನ್ಸ್ ಸಿಗುತ್ತೆ (ಹೆಚ್ಚಿನವರಿಗೆ 40 ಸಾಲಲ್ಲ, ಅದು ಬೇರೆ ಮಾತು). 4 ಸೀಟಿನ ಸೆಸ್ನಾ 172 ಮಾದರಿ 1956ರಿಂದ ಮಾರಾಟದಲ್ಲಿದೆ, 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಅದೇ. ಹಳೇದೊಂದು ಒಳ್ಳೇ ಐಷಾರಾಮಿ ಕಾರಿನ ಬೆಲೆಗೆ ಸಿಗುತ್ತೆ.

ಆದರೆ ಆನೆ ಕೊಳ್ಳೋದು ಬೇರೆ, ಸಾಕೋದು ಬೇರೆ.

✈️ ಮೊದಲು ದುಡ್ಡಿನ ಲೆಕ್ಕ

ವಿಮಾನ ಹಾರಲಿ ಬಿಡಲಿ, ನಿಲ್ಲಿಸೋ ಜಾಗದ ಬಾಡಿಗೆ, ಇನ್ಶೂರೆನ್ಸ್, 12 ತಿಂಗಳಿಗೊಮ್ಮೆ ಕಡ್ಡಾಯ ತಪಾಸಣೆ, ಇವಿಷ್ಟೂ ಬಂದೇ ಬರುತ್ತವೆ. ಸುಮ್ಮನೆ ಲೆಕ್ಕಕ್ಕೆ ವರ್ಷಕ್ಕೆ 12,000 ಡಾಲರ್ ಅಂತ ಇಟ್ಕೊಳ್ಳಿ. ನೀವು ವರ್ಷಕ್ಕೆ 30 ಗಂಟೆ ಹಾರಿಸಿದರೆ ಗಂಟೆಗೆ 400 ಡಾಲರ್ ಬಿತ್ತು. ಗಂಟೆಗೆ ಸುಮಾರು 30 ಲೀಟರ್ ಕುಡಿಯೋ ಇಂಧನ ಬೇರೆ. ಅದೇ ವಿಮಾನವನ್ನ 4 ಜನ ಸೇರಿ ತಗೊಂಡು ತಲಾ 30 ಗಂಟೆ ಹಾರಿಸಿದರೆ? ಆ 400 ಹೋಗಿ 100 ಆಯ್ತು.

✈️ ಆಮೇಲೆ ಎಂಜಿನ್

ಬಾವಿ ನೀರು ಸೇದ್ತಾ ಇದ್ದರೇ ತಿಳಿಯಾಗಿರೋದು. ವಿಮಾನದ ಎಂಜಿನ್ನೂ ಹಂಗೇ. ಈ ವಿಮಾನಗಳಲ್ಲಿ ಸಾಮಾನ್ಯವಾಗಿರೋ ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತೆ. ವಾರಗಟ್ಟಲೆ ನಿಲ್ಲಿಸಿದರೆ ಅದರ ಮೇಲಿನ ಎಣ್ಣೆ ಕೆಳಗಿಳಿದು ಹೋಗುತ್ತೆ, ತೇವಕ್ಕೆ ತುಕ್ಕು ಹಿಡಿಯುತ್ತೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟೋದಕ್ಕೆ ಕಂಪನಿ ಹೇಳೋ ಅವಧಿ ಸುಮಾರು 2,000 ಗಂಟೆ ಅಥವಾ 12 ವರ್ಷ. ಒಬ್ಬರೇ ವರ್ಷಕ್ಕೆ 30 ಗಂಟೆ ಹಾರಿಸಿದರೆ 12 ವರ್ಷಕ್ಕೆ 360 ಗಂಟೆ. ಅಂದ್ರೆ ಎಂಜಿನ್ ದುಡಿದು ಸವೆಯೋ ಮೊದಲು ನಿಂತೇ ಮುದಿಯಾಗುತ್ತೆ.

✈️ ಈಗ ನನ್ನ ನಿಜವಾದ ಕಾರಣ

ದುಡ್ಡು ಹೋದರೆ ಹೋಗಲಿ ಅನ್ನೋರೂ ಇದಾರೆ. ಅವರಿಗೇ ಈ ಭಾಗ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಉಪಕರಣ ನೋಡಿ ಹಾರಿಸೋ ತರಬೇತಿ ಇಲ್ಲದ 20 ಜನರಿಗೆ, ಮೋಡದೊಳಗೆ ಹೊಕ್ಕ ಹಾಗೆ ಹೊರಗಿನದೇನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಮೊದಲ ಸಲ 20ಕ್ಕೆ 20 ಜನರೂ ಹಿಡಿತ ಕಳಕೊಂಡರು. ಸರಾಸರಿ ಎಷ್ಟು ಹೊತ್ತಿಗೆ ಗೊತ್ತಾ? 178 ಸೆಕೆಂಡು. 3 ನಿಮಿಷವೂ ಇಲ್ಲ.

ಹಂಗಾದ್ರೆ ಮೋಡಕ್ಕೆ ಯಾಕೆ ಹೋಗ್ತಾರೆ? ಗೊತ್ತಿಲ್ಲದೆ ಅಲ್ಲ. "ಹೋಗಲೇಬೇಕು" ಅನ್ನೋ ಹಠಕ್ಕೆ. ಮದುವೆ ಇದೆ, ಸೋಮವಾರ ಆಫೀಸ್ ಇದೆ, ಊಟಕ್ಕೆ ಬರ್ತೀವಿ ಅಂತ ಮಾತು ಕೊಟ್ಟಿದೀವಿ.

ಜಾನ್ ಎಫ್. ಕೆನಡಿ ಜೂನಿಯರ್ ನೆನಪಿದಾರಲ್ಲ, ಅಧ್ಯಕ್ಷ ಕೆನಡಿಯವರ ಮಗ. 1999ರ ಜುಲೈ 16ರ ರಾತ್ರಿ ತಮ್ಮದೇ ಪೈಪರ್ ಸಾರಟೋಗದಲ್ಲಿ ಹೊರಟಿದ್ದರು. ಮಾರನೇ ದಿನ ಕುಟುಂಬದಲ್ಲಿ ಮದುವೆ. ಕತ್ತಲು, ಮಂಜು ಮುಸುಕು, ಕೆಳಗೆ ಕಡಲು. ಅವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ವಿಮಾನ ಸಮುದ್ರಕ್ಕೆ ಬಿತ್ತು, ಜೊತೆಗಿದ್ದ ಹೆಂಡತಿ ಮತ್ತು ಹೆಂಡತಿಯ ಅಕ್ಕನೂ ಉಳಿಯಲಿಲ್ಲ. ದಿಕ್ಕು ತೋಚದಂತಾಗಿ ಹಿಡಿತ ತಪ್ಪಿತು ಅಂತ ತನಿಖೆ ಹೇಳಿತು.

ಬೇ ಏರಿಯಾದವರಿಗೆ ಇದು ದೂರದ ಕಥೆ ಅಲ್ಲ. ಸ್ಯಾನ್ ಹೊಸೆಯ ರೀಡ್ ಹಿಲ್‌ವ್ಯೂನಲ್ಲಿ ಬಿಸಿಲು ಫಳಫಳ ಅಂತಿರುತ್ತೆ, ಅರ್ಧ ಗಂಟೆ ಹಾರಿ ಹಾಫ್ ಮೂನ್ ಬೇ ಹತ್ತಿರ ಹೋದರೆ ಕಡಲ ಮೋಡ ರನ್‌ವೇ ಮೇಲೆ ಹಾಸಿಕೊಂಡಿರುತ್ತೆ. ಬೇಸಿಗೆಯಲ್ಲಿ ಇದು ಮಾಮೂಲು. ಆಗ ವಾಪಸ್ ತಿರುಗಬೇಕು, ಅಷ್ಟೇ. ಸೋತ ಹಾಗೆ ಅಂದ್ಕೋಬೇಡಿ. ಪೈಲಟ್ ಆಗಿ ನೀವು ಮಾಡೋ ಅತಿ ದೊಡ್ಡ ಕೆಲಸ ಅದೇ.

ಸ್ವಂತ ವಿಮಾನ ಈ "ಬೇಡ" ಅನ್ನೋ ಮಾತನ್ನ ಕಷ್ಟ ಮಾಡುತ್ತೆ. ಅಷ್ಟು ಸುರಿದಿದೀನಿ, ಹಾರಿಸದೆ ಹೆಂಗೆ ಅನ್ನಿಸುತ್ತೆ. ಒಬ್ಬರೇ ಮಾಲೀಕರಾದರೆ ಕೇಳೋರೂ ಇಲ್ಲ. 4 ಜನ ಇದ್ದರೆ "ಇವತ್ತು ಮೋಡ ನೋಡಿದ್ಯಾ?" ಅಂತ ಒಬ್ಬರಾದರೂ ಮೆಸೇಜ್ ಹಾಕ್ತಾರೆ. ವಿಮಾನದ ಹೊಸ ಸದ್ದನ್ನ ಒಬ್ಬರು ಬಿಟ್ಟರೆ ಇನ್ನೊಬ್ಬರು ಗಮನಿಸ್ತಾರೆ. ಆ ನಾಲ್ಕು ಕಣ್ಣು ಜಾಸ್ತಿ ಇರೋದಕ್ಕೆ ನಾನು ಬೆಲೆ ಕಟ್ಟಲ್ಲ.

✈️ "ಆದರೆ ಸ್ವಂತದ್ದು ಅಂದ್ರೆ ಸ್ವಂತದ್ದು" ಅಂತೀರಾ?

ಒಪ್ಪಿದೆ. ಕ್ಲಬ್ಬಿನ ವಿಮಾನ ಬೇಕಾದ ಭಾನುವಾರ ಸಿಗಲ್ಲ. ಒಂದೇ ವಿಮಾನ ಹಾರಿಸಿದರೆ ಅದರ ಗುಣ ಕೈಗೆ ಹತ್ತುತ್ತೆ. ವರ್ಷಕ್ಕೆ 100 ಗಂಟೆ ಖಂಡಿತ ಹಾರಿಸ್ತೀರಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ಮಾಡ್ಕೊಂಡಿದೀರಿ ಅಂದ್ರೆ ಧಾರಾಳವಾಗಿ ತಗೊಳ್ಳಿ. ಮಕ್ಕಳು, ಕೆಲಸ, ಎರಡು ವರ್ಷಕ್ಕೊಮ್ಮೆ ಊರು ಅಂತ ಇರೋ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಆ 100 ಗಂಟೆ ಇದೆ, ನೀವೇ ಹೇಳಿ.

ಕಾನೂನು ಕೇಳೋದು ಕಡಿಮೆ: ಜನರನ್ನ ಕೂರಿಸ್ಕೊಂಡು ಹೋಗೋಕೆ ಹಿಂದಿನ 90 ದಿನದಲ್ಲಿ 3 ಸಲ ಏರಿ 3 ಸಲ ಇಳಿಸಿರಬೇಕು. 2 ವರ್ಷಕ್ಕೊಮ್ಮೆ ಶಿಕ್ಷಕರ ಜೊತೆ ಕನಿಷ್ಠ 1 ಗಂಟೆ ಪಾಠ, 1 ಗಂಟೆ ಹಾರಾಟ. ಇದು ಪಾಸ್ ಮಾರ್ಕು ಮಾತ್ರ. ಪಾಸ್ ಮಾರ್ಕಿನವನ ಕೈಲಿ ನಿಮ್ಮಮ್ಮನ್ನ ಕೂರಿಸ್ತೀರಾ?

ಹೌದು, ಮಾತು ಬರೋದು ಅಲ್ಲಿಗೇ. ಊರಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ಮೇಲಿಂದ ತೋರಿಸಬೇಕು ಅನ್ನೋ ಆಸೆ ಎಲ್ಲರಿಗೂ. ಅವರು ಮೋಡ ನೋಡಲ್ಲ, ಲಾಗ್‌ಬುಕ್ ಕೇಳಲ್ಲ. ಮಗ ಹಾರಿಸ್ತಾನೆ, ಮಗಳು ಹಾರಿಸ್ತಾಳೆ ಅಂತ ನಂಬಿ ಬೆಲ್ಟ್ ಹಾಕ್ಕೋತಾರೆ. ಅವರ ಪರವಾಗಿ "ಇವತ್ತು ಬೇಡ" ಅನ್ನೋರು ನೀವೊಬ್ಬರೇ. ಅದನ್ನ ಹೇಳೋಕೆ ಸುಲಭ ಆಗೋ ಥರ ನಿಮ್ಮ ಹವ್ಯಾಸ ಕಟ್ಕೊಳ್ಳಿ. ಪಾಲುದಾರರು ಬೇಕು ಅನ್ನೋದು ಇದಕ್ಕೇ.

ಒಪ್ಪದೇ ಇರೋರು ಕಮೆಂಟಲ್ಲಿ ಬನ್ನಿ, ಜಗಳ ಆಡೋಣ 😄 ವಿಮಾನ ನೋಡೋಕೆ ಹೊರಟಿರೋ ಗೆಳೆಯರಿಗೆ ಇದನ್ನ ಕಳಿಸಿ. ಭಾಗ 7ರಲ್ಲಿ: ಪಾಲುದಾರರ ಜೊತೆ ಕರಾರು ಬರೆಯೋವಾಗ ಕೇಳಲೇಬೇಕಾದ ಪ್ರಶ್ನೆಗಳು.

#ಕನ್ನಡದಲ್ಲಿವಿಮಾನ #ಸಣ್ಣವಿಮಾನ #ಸೆಸ್ನಾ172 #ಹಾರಾಟದಮಾತು