‘ಮಮ’ ಎನ್ನುವ ಮುನ್ನ

ಹೊನ್ನಾವರದ ನಮ್ಮ ಅಜ್ಜನ ಮನೆಯಲ್ಲಿ ಪೂಜೆಗೆ ಕುಳಿತಾಗಲೆಲ್ಲ ಒಂದು ಸಂಗತಿ ತಪ್ಪದೆ ನಡೆಯುತ್ತದೆ. ಸಂಕಲ್ಪ ಹೇಳಿಸುತ್ತಿರುವ ಭಟ್ಟರು ನಡುವೆ ತಡೆದು, ಯಜಮಾನನ ಚಿತ್ತ ಎಲ್ಲಿಗೋ ಹೋಗಿರುವುದನ್ನು ಗಮನಿಸಿ, ‘ಮಮ ಎನ್ನಿ’ ಎಂದು ಎಚ್ಚರಿಸುತ್ತಾರೆ. ಯಜಮಾನ ಬೆಚ್ಚಿ ‘ಮಮ’ ಎನ್ನುತ್ತಾನೆ. ಮಂತ್ರ ಮುಂದುವರಿಯುತ್ತದೆ. ಆ ಯಜಮಾನ ಅನೇಕ ಸಲ ನಾನೇ ಆಗಿದ್ದೇನೆ.

ಸಂಕಲ್ಪವೆಂಬುದು ಎಂಥ ಗಂಭೀರವಾದ ಕಲ್ಪನೆಯೆಂದು ನನಗೆ ಹೊಳೆದದ್ದು ವಯಸ್ಸು ಐವತ್ತು ದಾಟಿದ ಮೇಲೆ. ಬ್ರಹ್ಮನ ಆಯುಷ್ಯದಿಂದ ತೊಡಗಿ, ಕಲ್ಪ, ಮನ್ವಂತರ, ಯುಗಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಇಂದಿನ ಸಂವತ್ಸರ, ಮಾಸ, ತಿಥಿಗಳಿಗೆ ಬರುತ್ತೇವೆ. ಜಂಬೂದ್ವೀಪದಿಂದ ಹೊರಟು ನಾವು ಕುಳಿತ ಸೀಮೆಗೆ ತಲುಪುತ್ತೇವೆ. ಆಮೇಲೆ ಗೋತ್ರ, ಹೆಸರು. ಕಟ್ಟಕಡೆಗೆ, ಇಂಥ ಉದ್ದೇಶಕ್ಕಾಗಿ ಇಂಥದ್ದನ್ನು ಮಾಡುತ್ತೇನೆ ಎಂಬ ಮಾತು. ಯಾರು, ಎಲ್ಲಿ, ಯಾವಾಗ, ಯಾತಕ್ಕೆ ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಕೊಡದೆ ಕೈಯಲ್ಲಿರುವ ನೀರನ್ನು ಕೆಳಗೆ ಬಿಡುವಂತಿಲ್ಲ. ಇಷ್ಟು ಕಟ್ಟುನಿಟ್ಟಾದ ಹೊಣೆಗಾರಿಕೆಯನ್ನು ನಾವು ಬೇರಾವ ಕೆಲಸದಲ್ಲಿ ಪಾಲಿಸುತ್ತೇವೆ? ಪೂಜೆಯ ಕೊಠಡಿಯಿಂದ ಹೊರಬಂದ ಮರುಗಳಿಗೆಯಲ್ಲಿ ಆಡುವ ಮಾತಿಗೆ ಸಂಕಲ್ಪವಿಲ್ಲ, ಕೊಡುವ ತೀರ್ಪಿಗೆ ಸಂಕಲ್ಪವಿಲ್ಲ.

ಇದು ಒಂದು ಮತದ ಸೊತ್ತಲ್ಲ. ಕುಮಟಾದಿಂದ ಹೊನ್ನಾವರದ ಮೂಲಕ ಭಟ್ಕಳದವರೆಗಿನ ಹೆದ್ದಾರಿ ಸುಮಾರು 60 ಕಿ.ಮೀ. ಇದ್ದೀತು. ಅಷ್ಟು ಚಿಕ್ಕ ಕರಾವಳಿಯಲ್ಲಿ ಈ ಒಳಗಿನ ಎಚ್ಚರಕ್ಕೆ ಇರುವ ಹೆಸರುಗಳಾದರೂ ಎಷ್ಟು! ಭಟ್ಕಳದ ನವಾಯತರಿಗೆ ಅದು ನಿಯತ್ತು. ಅವರು ಅನುಸರಿಸುವ ಶಾಫಿ ಪಂಥದಲ್ಲಿ ನಿಯತ್ತು ನಮಾಜಿನ ಆಧಾರಸ್ತಂಭಗಳಲ್ಲಿ ಒಂದು; ಮನಸ್ಸಿನಲ್ಲಿ ಅದಿಲ್ಲದಿದ್ದರೆ ಬಗ್ಗಿ ಎದ್ದದ್ದೆಲ್ಲ ಬರೀ ಅಂಗಚಲನೆ. ಕರ್ಮದ ಬೆಲೆ ನಿಂತಿರುವುದು ಅದರ ಹಿಂದಿನ ಉದ್ದೇಶದ ಮೇಲೆ ಎಂಬ ಪ್ರವಾದಿವಚನದಿಂದಲೇ ಬುಖಾರಿಯ ಹದೀಸ್ ಸಂಗ್ರಹ ಆರಂಭವಾಗುತ್ತದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ, ಇಲ್ಲಿನ ಮುಸ್ಲಿಮರು ಶಾಫಿ ಪಂಥದವರೆಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ ಬರೆದಿಟ್ಟಿದ್ದಾನೆ. ಹೆಂಗಸರಿಗೆ ಕುರಾನ್ ಕಂಠಸ್ಥವಾಗಿದ್ದುದನ್ನು ಕಂಡು ಬೆರಗಾದ ಆ ಪ್ರವಾಸಿಯ ಊರೇ ನಮ್ಮ ಊರೂ ಎಂಬುದನ್ನು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ.

ಭಟ್ಕಳದ ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ಹಿಂದೊಮ್ಮೆ ಈ ಸೀಮೆಯನ್ನೆಲ್ಲ ಆಳಿದ ಜೈನರ ಕುರುಹು. ಅವರಲ್ಲಿ ಪ್ರತಿಕ್ರಮಣವೆಂಬ ನಿತ್ಯಕ್ರಮವಿದೆ. ಹಿಂದಕ್ಕೆ ಹೆಜ್ಜೆಯಿಡುವುದು ಎಂಬುದು ಆ ಪದದ ಅರ್ಥ. ದಿನದಲ್ಲಿ ಎಲ್ಲಿ ಎಡವಿದೆ, ಯಾವ ಜೀವಕ್ಕೆ ನೋವಾಯಿತು ಎಂದು ನಡೆದ ದಾರಿಯಲ್ಲೇ ಹಿಂದಿರುಗಿ ನೋಡುವುದು. ಹೊನ್ನಾವರದ ಕ್ರೈಸ್ತರಿಗೂ ಇದು ಹೊಸದಲ್ಲ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ದಿನಕ್ಕೆರಡು ಸಲ ಆತ್ಮಶೋಧನೆ ಮಾಡಿಕೊಳ್ಳಬೇಕೆಂದು ಕ್ರಮ ಹಾಕಿಕೊಟ್ಟಿದ್ದಾನೆ. ಮಾಡುವ ಮುನ್ನ ಒಮ್ಮೆ ನಿಲ್ಲು, ಮಾಡಿದ ಮೇಲೆ ಒಮ್ಮೆ ತಿರುಗಿ ನೋಡು. ದರ್ಶನಗಳ ಭೇದವೇನೇ ಇರಲಿ, ನಿತ್ಯದ ಬದುಕಿಗೆ ಇಳಿದಾಗ ಉಳಿಯುವುದು ಇಷ್ಟೇ.

ಇಷ್ಟೆಲ್ಲ ಹೆಸರುಗಳಿದ್ದ ಕರಾವಳಿಯಲ್ಲೇ 2017ರ ಡಿಸೆಂಬರ್ ಕೂಡ ಬಂತು.

ಓದುಗರಿಗೆ ನೆನಪಿರಬಹುದು. ಹೊನ್ನಾವರದಲ್ಲಿ ಗಲಭೆಯಾಗಿ ಎರಡು ದಿನಗಳ ನಂತರ ಡಿಸೆಂಬರ್ 8ರಂದು ಯುವಕನೊಬ್ಬನ ಶವ ಶೆಟ್ಟಿಕೆರೆಯಲ್ಲಿ ದೊರೆಯಿತು. ಮುಂದಿನ ದಿನಗಳಲ್ಲಿ ಕುಮಟಾ, ಶಿರಸಿಗಳಿಗೂ ಹಿಂಸೆ ಹಬ್ಬಿತು. ಕುಮಟಾದಲ್ಲಿ ಪೊಲೀಸ್ ಉನ್ನತಾಧಿಕಾರಿಯ ವಾಹನವೇ ಸುಟ್ಟುಹೋಯಿತು. ವಿಧಾನಸಭೆ ಚುನಾವಣೆಗೆ ಐದೇ ತಿಂಗಳಿದ್ದವು. ಆ ದಿನಗಳಲ್ಲಿ ಯಾವ ಪಕ್ಷದವರು ಏನು ಹೇಳಿದರು ಎಂಬುದನ್ನು ಇಲ್ಲಿ ಕೆದಕುವುದಿಲ್ಲ. ಅದನ್ನು ಬರೆಯಲು ಬೇರೆಯವರಿದ್ದಾರೆ. ನಾನು ಹೇಳಬೇಕಾದದ್ದು ನಾನು ಮಾಡಿದ್ದನ್ನು.

ಆ ವಾರದ ಒಂದು ಸಂಜೆ, ಬೆಂಗಳೂರಿನ ನನ್ನ ಮನೆಯಲ್ಲಿ, ಸಂಧ್ಯಾವಂದನೆ ಮುಗಿಸಿ ಎದ್ದು ಮೊಬೈಲ್ ಕೈಗೆತ್ತಿಕೊಂಡೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶವಿತ್ತು. ಆ ಯುವಕನನ್ನು ಹೇಗೆ ಹಿಂಸಿಸಿ ಕೊಂದರೆಂಬುದರ ವಿವರ. ಓದಿದವನ ರಕ್ತ ಕುದಿಯಬೇಕು, ಹಾಗೆ ಬರೆದದ್ದು. ಯಾರು ಬರೆದರು, ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಎರಡು ಗುಂಪುಗಳಿಗೆ ಕಳುಹಿಸಿದೆ. ಒಂದು ಬಂಧುಗಳದು, ಇನ್ನೊಂದು ಹೊನ್ನಾವರದಲ್ಲಿ ಕಾಲೇಜು ಓದಿದ ನಮ್ಮ ತಂಡದ್ದು. ಹೆಬ್ಬೆರಳಿನ ಕೆಲಸ, ಐದು ಸೆಕೆಂಡು ಹಿಡಿದಿರಬಹುದು. ಕಾಲೇಜಿನ ಗುಂಪಿನಲ್ಲಿದ್ದ ಭಟ್ಕಳದ ಗೆಳೆಯನೊಬ್ಬ ಅದೇ ರಾತ್ರಿ ಗುಂಪು ತೊರೆದ. ನನಗೆ ಅದು ಗೊತ್ತಾದದ್ದು ವಾರದ ಮೇಲೆ. ಗೊತ್ತಾದಾಗಲೂ ಕಾರಣ ಹುಡುಕಲು ಹೋಗಲಿಲ್ಲ.

ಚಿತ್ರಹಿಂಸೆಯ ಕಥೆಗಳಿಗೆ ಆಧಾರವಿಲ್ಲವೆಂದು ಪೊಲೀಸರು ವೈದ್ಯರ ಅಭಿಪ್ರಾಯವನ್ನು ಮುಂದಿಟ್ಟು ಆ ದಿನಗಳಲ್ಲೇ ಹೇಳಿದ್ದರು. ನಂಬುವ ಮನಸ್ಸು ನಮಗಿರಲಿಲ್ಲ. ಸಿಬಿಐ ತನಿಖೆಯಾಗಲಿ, ಸತ್ಯ ಹೊರಬರಲಿ ಎಂದೆವು. ತನಿಖೆ ಆಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ತನ್ನ ಅಂತಿಮ ವರದಿಯನ್ನು ಹೊನ್ನಾವರದ ನ್ಯಾಯಾಲಯಕ್ಕೆ ಸಲ್ಲಿಸಿತು: ಕೊಲೆಗೆ ಸಾಕ್ಷ್ಯವಿಲ್ಲ, ಸಾವು ಆಕಸ್ಮಿಕ. ಐದು ಸೆಕೆಂಡಿನಲ್ಲಿ ನಾನು ಹರಡಿದ ಮಾತಿಗೆ ಉತ್ತರ ಬರಲು ಐದು ವರ್ಷಗಳೇ ಬೇಕಾದವು.

ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಮೊದಲು ನೆನೆದದ್ದು, ನಾಚಿಕೆಯಿಂದ ಹೇಳುತ್ತೇನೆ, ಆ ಗೆಳೆಯನನ್ನಲ್ಲ. ತೀರಿಕೊಂಡ ಯುವಕನನ್ನೂ ಅಲ್ಲ. ‘ನಾನೇನು ಬರೆದವನಲ್ಲವಲ್ಲ, ಬಂದದ್ದನ್ನು ಬಂದಂತೆ ಕಳಿಸಿದೆ’ ಎಂಬ ಸಮಾಧಾನವೇ ಮೊದಲು ಹುಟ್ಟಿತು. ಆಗ ನೆನಪಾದದ್ದು ಹೋಮದ ಮಂತ್ರ. ಅಗ್ನಿಗೆ ಪ್ರತಿಯೊಂದು ಆಹುತಿ ಕೊಟ್ಟ ಮೇಲೂ ‘ನ ಮಮ’ ಎನ್ನುತ್ತೇವೆ. ಸಂಕಲ್ಪದಲ್ಲಿ ‘ಮಮ’, ಆಹುತಿಯಲ್ಲಿ ‘ನ ಮಮ’. ಹೊಣೆ ನನ್ನದು, ಕೊಟ್ಟದ್ದು ನನ್ನದಲ್ಲ. ನಾನು ಮಾಡಿದ್ದು ಇದನ್ನು ತಲೆಕೆಳಗು. ನಮ್ಮವರೆಂಬ ಹೆಮ್ಮೆಗೆ, ಸಿಟ್ಟಿಗೆ ‘ನನ್ನದು’ ಎಂದೆ. ಅದರಿಂದ ಆದ ಅನಾಹುತಕ್ಕೆ ‘ನನ್ನದಲ್ಲ’ ಎಂದೆ. ನಡುವೆ ತಡೆದು ‘ಮಮ ಎನ್ನಿ’ ಎನ್ನಲು ಭಟ್ಟರಿರಲಿಲ್ಲ.

(2018ರ ಜುಲೈಯಲ್ಲಿ, ದೇಶದ ಹಲವೆಡೆ ವದಂತಿಗಳಿಂದ ಗುಂಪುಹತ್ಯೆಗಳಾದ ಮೇಲೆ, ವಾಟ್ಸ್‌ಆ್ಯಪ್ ಸಂಸ್ಥೆ ದಾಟಿಬಂದ ಸಂದೇಶಗಳಿಗೆ ಗುರುತು ಹಾಕತೊಡಗಿತು; ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನೂ ತಂದಿತು. ಸಹಸ್ರಾರು ವರ್ಷಗಳ ಸಂಕಲ್ಪ, ನಿಯತ್ತುಗಳ ಪರಂಪರೆಯಿರುವ ನಮಗೆ ತಡೆದು ನಿಲ್ಲುವುದನ್ನು ಕಂಪನಿಯೊಂದು ಕಲಿಸಬೇಕಾಯಿತು.)

ಆ ಸುದ್ದಿಯನ್ನು ಅವೇ ಎರಡು ಗುಂಪುಗಳಿಗೆ ಹಾಕಿ, ಐದು ವರ್ಷಗಳ ಹಿಂದೆ ನಾನು ಕಳುಹಿಸಿದ್ದು ತಪ್ಪು ಎಂದು ಬರೆದೆ. ಬಂಧುಗಳ ಗುಂಪಿನಲ್ಲಿ ಒಬ್ಬರು ‘ಈಗ ಇದೆಲ್ಲ ಯಾಕೆ?’ ಎಂದರು. ಉಳಿದವರು ಮೌನ. ಮರುದಿನ ಬೆಳಿಗ್ಗೆ ಎಂದಿನಂತೆ ಕಮಲದ ಹೂವು, ಉರಿಯುವ ದೀಪ, ಶುಭೋದಯ.

ಗೆಳೆಯನಿಗೆ ಫೋನ್ ಮಾಡಲು ಇನ್ನೂ ನಾಲ್ಕು ದಿನ ತೆಗೆದುಕೊಂಡೆ. ಅವನದು ಜವಳಿ ವ್ಯಾಪಾರ. ವಿಷಯಕ್ಕೆ ಬಂದು, ಆ ಸಂದೇಶ ಕಳಿಸಿದವನು ನಾನು ಎಂದೆ. ‘ಗೊತ್ತು ಮಾರಾಯಾ. ನಾನೂ ಆ ಗುಂಪಿನಲ್ಲಿ ಇದ್ದೆನಲ್ಲ,’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವಾರವೆಲ್ಲ ಅಂಗಡಿ ಮುಚ್ಚಿತ್ತೆಂದೂ, ಕುಮಟಾಕ್ಕೆ ಮದುವೆ ಮಾಡಿಕೊಟ್ಟಿದ್ದ ತಂಗಿಯ ಸುದ್ದಿಗಾಗಿ ಅವನ ತಾಯಿ ಮೂರು ರಾತ್ರಿ ಮಲಗಿರಲಿಲ್ಲವೆಂದೂ ಹೇಳಿದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕರುಣೆಯ ಬಗ್ಗೆ ನಾವು ಮಾತಾಡುವಾಗ ಅದನ್ನೊಂದು ಮೃದುವಾದ ಭಾವನೆಯೆಂದೇ ತಿಳಿಯುತ್ತೇವೆ. ನನ್ನ ಅನುಭವದಲ್ಲಿ ಅದಕ್ಕೆ ಮಾಹಿತಿ ಬೇಕು. ಆ ತಾಯಿಯ ಮೂರು ರಾತ್ರಿಗಳ ಸುದ್ದಿ ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸಿರಲಿಲ್ಲ. ಹಾಗೆಯೇ ಮಗನನ್ನು ಕಳೆದುಕೊಂಡ ಇನ್ನೊಂದು ಮನೆ. ಸಾವು ಆಕಸ್ಮಿಕವೆಂದು ವರದಿ ಹೇಳಿದರೂ ಆ ಮನೆಯ ನಷ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅವರ ದುಃಖವನ್ನು ನಾವು ಹಂಚಿಕೊಳ್ಳಲಿಲ್ಲ, ಬಳಸಿಕೊಂಡೆವು. ಇವೆರಡರ ನಡುವಿನ ಅಂತರವನ್ನು ಯಾವ ಧ್ಯಾನಶಿಬಿರದಲ್ಲೂ ನಾನು ಕಲಿತಿರಲಿಲ್ಲ. ಶಿಬಿರಗಳಿಗೆ ಹೋಗಿದ್ದೆ, ಉಸಿರನ್ನು ಗಮನಿಸಲು ಕಲಿತಿದ್ದೆ. ಬೆರಳನ್ನು ಗಮನಿಸಲು ಕಲಿತಿರಲಿಲ್ಲ.

ಕಲಿಸಿದವರೊಬ್ಬರು ಮನೆಯಲ್ಲೇ ಇದ್ದರು. ನನ್ನ ತಂದೆ ಕುಮಟಾದಲ್ಲಿ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದರು. ದೊಡ್ಡ ದೈವಭಕ್ತರೇನಲ್ಲ. ರಾತ್ರಿ ಕಿರ್ದಿ ಬರೆದು ಮುಗಿಸಿದ ಮೇಲೆ ಪುಸ್ತಕ ಮುಚ್ಚದೆ ಐದು ನಿಮಿಷ ಕೂರುವುದು ಅವರ ರೂಢಿ. ಲೆಕ್ಕ ತಾಳೆಯಾಗಲಿಲ್ಲವೇನೋ ಎಂದು ನಾವು ಮಕ್ಕಳು ತಿಳಿಯುತ್ತಿದ್ದೆವು. ಒಮ್ಮೆ ಊಟಕ್ಕೆ ಕುಳಿತಾಗ ಅಮ್ಮನ ಬಳಿ, ‘ಇವತ್ತು ಹಾಲಕ್ಕಿಯವನೊಬ್ಬ ಉದ್ರಿ ಕೇಳಿದ. ನಾಲ್ಕು ಜನರ ಎದುರು ಇಲ್ಲ ಎಂದುಬಿಟ್ಟೆ. ಇಲ್ಲ ಎಂದದ್ದು ಸರಿಯೇ; ಎಲ್ಲರೆದುರು ಅನ್ನಬಾರದಿತ್ತು,’ ಎಂದರು. ಮುಂದಿನ ಸಂತೆಯ ದಿನ ಆ ಮನುಷ್ಯನನ್ನು ಕರೆದು ಅಂಗಡಿಯ ಒಳಗೆ ಕೂರಿಸಿ ಮಾತಾಡಿಸಿದ್ದನ್ನು ನಾನೇ ನೋಡಿದ್ದೇನೆ. ಪ್ರತಿಕ್ರಮಣವೆಂಬ ಪದ ಅವರಿಗೆ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ.

ವ್ಯಕ್ತಿಯೊಬ್ಬ ರಾತ್ರಿ ಐದು ನಿಮಿಷ ಕುಳಿತರೆ ಗಲಭೆ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಗಲಭೆ ಮಾಡಿಸುವವರಿಗೆ ಬೇಕಾದದ್ದು ಕಾನೂನಿನ ಭಯ. ಆತ್ಮಾವಲೋಕನದ ಉಪದೇಶ ಅದಕ್ಕೆ ಬದಲಿಯಾಗಲಾರದು. ಆದರೆ ಮಾಡಿಸುವವರು ಕೆಲವರೇ. ಅವರ ಮಾತು ಸಂಜೆಯೊಳಗೆ ಜಿಲ್ಲೆಯನ್ನು ದಾಟಿ ಬೆಂಗಳೂರು ಮುಟ್ಟಲು ನನ್ನಂಥ, ಪೂಜೆ ಮುಗಿಸಿ ಎದ್ದ, ವಿದ್ಯಾವಂತ ಸಾವಿರಾರು ಜನ ಬೇಕು. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಉಪ್ಪುನೀರನ್ನು ತಡೆಯುವ ಕಟ್ಟೆ ಎಲ್ಲರಿಗೂ ಸೇರಿದ್ದು. ಏಡಿ ಕೊರೆದ ಸಣ್ಣ ತೂತನ್ನು ಒಬ್ಬ ಕಂಡೂ ಕಾಣದಂತೆ ಹೋದರೆ, ಭರತದ ನೀರು ನುಗ್ಗುವುದು ಅವನೊಬ್ಬನ ಗದ್ದೆಗಲ್ಲ. ಕಗ್ಗ ಉಪ್ಪನ್ನು ತಾಳಿಕೊಳ್ಳುವ ತಳಿ, ನಿಜ. ಅದಕ್ಕೂ ಒಂದು ಮಿತಿಯಿದೆ.

ಭಟ್ಕಳದಲ್ಲಿ ರಾಮನವಮಿಯಂದು ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ. ತೇರು ಎಳೆಯುವ ಮುನ್ನ ದೇವಸ್ಥಾನದವರು ಪಟ್ಟಣದ ಒಂದು ಹಳೆಯ ಮುಸ್ಲಿಂ ಮನೆತನಕ್ಕೆ ಹೋಗಿ ಆಹ್ವಾನ ಕೊಟ್ಟುಬರುವ ಪದ್ಧತಿಯಿದೆ. 1993ರಲ್ಲಿ ಇದೇ ರಾಮನವಮಿಯ ಹೊತ್ತಿನಲ್ಲಿ ಹೊತ್ತಿಕೊಂಡ ಗಲಭೆ ತಿಂಗಳುಗಟ್ಟಲೆ ಉರಿದು, ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗದ ವಿಚಾರಣೆಯವರೆಗೂ ಹೋಯಿತು. ಒಂದೇ ಊರು, ಒಂದೇ ಹಬ್ಬ. ಬಾಗಿಲಿಗೆ ಹೋಗಿ ಕರೆಯುವ ರೂಢಿಯೂ ಅಲ್ಲಿಯದೇ, ಬಾಗಿಲಿಗೆ ಕಲ್ಲೆಸೆದ ನೆನಪೂ ಅಲ್ಲಿಯದೇ. ಹಳೆಯ ಸೌಹಾರ್ದವನ್ನು ಕೊಂಡಾಡುವ ಲೇಖನಗಳು ಮೊದಲಿನದನ್ನಷ್ಟೇ ಹೇಳುತ್ತವೆ. ಭಯದ ವ್ಯಾಪಾರಿಗಳು ಎರಡನೆಯದನ್ನಷ್ಟೇ. ಎರಡನ್ನೂ ನೆನಪಿಟ್ಟುಕೊಂಡು ಆಹ್ವಾನ ಕೊಡಲು ಹೊರಡುವವನ ನಡಿಗೆಯೇ ನನಗೆ ತೇರಿಗಿಂತ ಹೆಚ್ಚು ಪವಿತ್ರವಾಗಿ ಕಾಣುತ್ತದೆ.

ನಾನೀಗ ರಾತ್ರಿ ತಂದೆಯವರಂತೆ ಐದು ನಿಮಿಷ ಕೂರಲು ಯತ್ನಿಸುತ್ತೇನೆ. ದಿನವೂ ಆಗುವುದಿಲ್ಲ. ಕೂತ ದಿನಗಳಲ್ಲೂ ಹೆಚ್ಚಿನ ಹೊತ್ತು ನನ್ನನ್ನು ನಾನೇ ಸಮರ್ಥಿಸಿಕೊಳ್ಳುವುದರಲ್ಲಿ ಕಳೆಯುತ್ತದೆ. ಸಿಟ್ಟು ಬರಿಸುವ ಸಂದೇಶ ಬಂದಾಗ ಮೊಬೈಲನ್ನು ಮೇಜಿನ ಮೇಲಿಟ್ಟು, ಇದನ್ನು ಯಾರಿಗೆ, ಯಾತಕ್ಕೆ ಕಳಿಸುತ್ತಿದ್ದೇನೆ ಎಂದು ಕೇಳಿಕೊಳ್ಳುತ್ತೇನೆ. ಸಂಕಲ್ಪದ ಪ್ರಶ್ನೆಗಳೇ, ಸಂಸ್ಕೃತದ ಬದಲು ಕನ್ನಡದಲ್ಲಿ.

ಹೋದ ಸಲ ಊರಿಗೆ ಹೋದಾಗ ಭಟ್ಕಳದಲ್ಲಿ ಇಳಿದೆ. ಗೆಳೆಯ ಅಂಗಡಿಯಿಂದ ಎದ್ದು ಬಂದು ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದ. ದಾರಿಯಲ್ಲಿ ನನ್ನ ಹೆಂಡತಿಗೆಂದು ಎರಡು ಮೊಳ ಭಟ್ಕಳ ಮಲ್ಲಿಗೆ ಕೊಂಡು, ಬಾಳೆಲೆಯಲ್ಲಿ ಕಟ್ಟಿಸಿ ಕೊಟ್ಟ. ಮಕ್ಕಳ ವಿಷಯ, ಮಳೆಯ ವಿಷಯ, ಹೆದ್ದಾರಿಯ ವಿಷಯ ಮಾತಾಡಿದೆವು. ಕಾಲೇಜಿನ ಗುಂಪಿಗೆ ಅವನು ಮತ್ತೆ ಸೇರಿಲ್ಲ. ಸೇರು ಎಂದು ಹೇಳಲು ನನಗೂ ಇನ್ನೂ ಬಾಯಿ ಬಂದಿಲ್ಲ.