ಕಾಗದದ ಲೆಕ್ಕದಾಗ ನಮ್ಮವರೂ ಬರಲಿ



'ಪರಿಸರಸ್ನೇಹಿ ಕಾಗದ' ಅಂತ ಈಗ ಎಲ್ಲಾ ಕಡೆ ಮಾತು ನಡದದ. ಒಳ್ಳೇದೇ. ಆದ್ರ ಇಲ್ಲಿತನಕ ಕಾಗದದ ಭಾರ ಹೊತ್ತವರು ಯಾರು?

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ಗೆ ಸರ್ಕಾರ ಕಾಡಿನ ಬಿದಿರನ್ನು ಪುಡಿಗಾಸಿಗೆ ಕೊಟ್ಟಿತು. ಬುಟ್ಟಿ, ಮೊರ ಹೆಣೆಯುವ ಮೇದಾರರು ಮಾತ್ರ ಬಜಾರದ ರೇಟು ಕೊಡಬೇಕಾಯಿತು. ಮಿಲ್ಲುಗಳಿಂದ ಬಿದಿರು ಖಾಲಿಯಾಗ್ತಿದೆ ಅಂತ ಅವರು ದೂರಿದ ಮೇಲೆಯೇ 1970ರ ದಶಕದಲ್ಲಿ ಸರ್ಕಾರ ಮಾಧವ ಗಾಡ್ಗೀಳರಿಂದ ಅಧ್ಯಯನ ಮಾಡಿಸಿದ್ದು.

ಈಗ ದೇಶದ ಅರ್ಧಕ್ಕಿಂತ ಹೆಚ್ಚು ಕಾಗದ ರದ್ದಿಯಿಂದಲೇ ತಯಾರಾಗುತ್ತದೆ. ಮರ ಉಳೀತದ, ನೀರೂ ಕರೆಂಟೂ ಕಮ್ಮಿ ಸಾಕು. ಆ ರದ್ದಿ ಆಯೋರು ಯಾರು? ನಸುಕಿನಾಗ ಚೀಲ ಹೊತ್ತು ತಿರುಗೋ ನಮ್ಮ ಅಕ್ಕ-ತಂಗಿಯರು. ಹಸಿಕಸದಾಗ ಕಲೆತ ಕಾಗದ ಕೊಳೆತು ಹೋಗ್ತದ. ಒಣಗಿದ್ದು, ಸ್ವಚ್ಛ ಇದ್ದರೆ ಮಾತ್ರ ಮಿಲ್ಲಿಗೆ ಉಪಯೋಗ, ಆಯ್ದವರಿಗೂ ರೇಟು.

ನಾನೂ ಆಫೀಸಿನ ಕ್ಲರ್ಕು. ಒಂದೇ ಬದಿ ಪ್ರಿಂಟ್ ಹಾಕಿ, ಒಂದು ಪತ್ರಕ್ಕೆ ನಾಲ್ಕು ಪ್ರತಿ ತೆಗೆಯೋದನ್ನ ದಿನಾ ನೋಡ್ತೀನಿ. ಇದು ಮೊದಲು ನಿಲ್ಲಲಿ.

ಕಸ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಹಂಗಾಗಿ ನಾವು ಭಿಕ್ಷೆ ಕೇಳ್ತಿಲ್ಲ. ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳಿಗೆ ನಮ್ಮ ಬೇಡಿಕೆ ಇಷ್ಟು:

- ಕಸ ಆಯುವ ಪ್ರತಿಯೊಬ್ಬರಿಗೂ ಗುರುತಿನ ಚೀಟಿ, ಕೈಗವಸು ಕೊಡಿ.
- ರದ್ದಿ ಒಣಗಿಸಿ ಬೇರ್ಪಡಿಸಲು ಛಾವಣಿ ಇರೋ ಜಾಗ ಕೊಡಿ.
- ಸರ್ಕಾರಿ ಆಫೀಸುಗಳ ರದ್ದಿ ಗುತ್ತಿಗೆದಾರರಿಗೆ ಬೇಡ, ಈ ಹೆಣ್ಮಕ್ಕಳ ಸಂಘಗಳಿಗೇ ಸಿಗಲಿ.

ಮನವಿ ಕೊಡಾಕ ಬರೋರು ನಿಮ್ಮ ಊರಿನ ಹೆಸರು ಕಮೆಂಟಿನಾಗ ಹಾಕ್ರಿ.