ಗೇಟಿನಾಚೆಯ ಮಾತೂ ಮಾಲೀಕನದೇ?

ಹಾಜರಿ ಹಾಕಿದ ಮೇಲೆ ಎಂಟು ಗಂಟೆಯ ದುಡಿಮೆ ಮಾಲೀಕನಿಗೆ ಸಲ್ಲತಕ್ಕದ್ದು. ಅದಕ್ಕೆ ಒಪ್ಪಿಯೇ ಕೆಲಸಗಾರ ಗಿರಣಿಯ ಗೇಟು ದಾಟಿ ಒಳಗೆ ಹೋಗುತ್ತಾನೆ. ಆದರೆ ಪಾಳಿ ಮುಗಿಸಿ, ಮನೆ ಸೇರಿ, ಉಂಡು ಕೈ ತೊಳೆದು, ಮೊಬೈಲು ಹಿಡಿದು ಅವನು ಬರೆಯುವ ನಾಲ್ಕು ಸಾಲು ಕೂಡ ಮಾಲೀಕನಿಗೇ ಸಲ್ಲಬೇಕೆ?

ಸಲ್ಲಬೇಕು ಎಂಬುದೇ ಇಂದಿನ ದೊಡ್ಡ ಕಂಪೆನಿಗಳ ವಾದವೆಂದು ಅವರ ನಡವಳಿಕೆಯಿಂದ ತಿಳಿಯುತ್ತದೆ. ಅರ್ಜಿ ಹಾಕಿದವನ ಫೇಸ್‌ಬುಕ್ ಪುಟವನ್ನು ಮೊದಲು ತಿರುವಿ ಹಾಕುತ್ತಾರೆ. ಸೇರಿದ ಮೇಲೆ ವಾಟ್ಸಪ್ ಗುಂಪಿನ ಮಾತನ್ನು ಮೇಲಿನವರಿಗೆ ಮುಟ್ಟಿಸುವ ಕಿವಿಯೊಂದು ಆ ಗುಂಪಿನಲ್ಲೇ ಹುಟ್ಟಿಕೊಳ್ಳುತ್ತದೆ. ಆಮೇಲೆ 'ಸಂಸ್ಥೆಯ ಗೌರವಕ್ಕೆ ಕುಂದು' ಎಂಬ ನೋಟೀಸು ಬರುತ್ತದೆ. ಹಿಂದೆ ಮೇಸ್ತ್ರಿ ಚಹಾದಂಗಡಿಯ ಮೂಲೆಯಲ್ಲಿ ನಿಂತು ಕದ್ದು ಕೇಳುತ್ತಿದ್ದ. ಕೇಳಿದ್ದರಲ್ಲಿ ಅರ್ಧ ಮರೆಯುತ್ತಿದ್ದ ಎಂಬುದೊಂದು ಸಮಾಧಾನವಾದರೂ ಇತ್ತು. ಈಗಿನ ಮೇಸ್ತ್ರಿಗೆ ಮರೆವಿಲ್ಲ. ಐದು ವರ್ಷದ ಹಿಂದಿನ ಮಾತನ್ನೂ ತಾರೀಖು ಸಮೇತ ತೆಗೆದಿಡುತ್ತಾನೆ.

ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆಯಲ್ಲ ಎಂದು ನಮ್ಮ ಓದುಗರು ಕೇಳಬಹುದು. ಕೊಟ್ಟಿದೆ. ಸಂಘ ಕಟ್ಟುವ ಹಕ್ಕನ್ನೂ ಅದೇ ವಿಧಿ ಕೊಟ್ಟಿದೆ. ಆದರೆ ಈ ವಿಧಿ ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರದ ಕೈಯನ್ನು. ಖಾಸಗಿ ಮಾಲೀಕನ ಕೈ ಬಹುಮಟ್ಟಿಗೆ ಬಿಡುವಾಗಿಯೇ ಉಳಿದಿದೆ.

ಇದಕ್ಕೊಂದು ನಿದರ್ಶನ ನೋಡಿ. 2012ರ ನವೆಂಬರಿನಲ್ಲಿ ಬಾಳ ಠಾಕರೆ ತೀರಿಕೊಂಡಾಗ ಮುಂಬಯಿ ಬಂದ್ ಆಯಿತು. ಈ ಬಂದ್ ಯಾಕೆ ಎಂದು ಪಾಲ್ಘರ್‌ನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಪ್ರಶ್ನೆ ಎತ್ತಿದಳು. ಇನ್ನೊಬ್ಬಳು ಅದನ್ನು ಮೆಚ್ಚಿದಳು. ಇಬ್ಬರನ್ನೂ ಪೊಲೀಸರು ಹಿಡಿದರು. ಒಬ್ಬಳ ಚಿಕ್ಕಪ್ಪನ ದವಾಖಾನೆಗೆ ಗುಂಪು ನುಗ್ಗಿ ಧ್ವಂಸ ಮಾಡಿತು. ಅಂಗಡಿ ಮುಚ್ಚಿಸಿದವರನ್ನು ಯಾಕೆಂದು ಕೇಳಬೇಕೆನಿಸಿದ ನಮ್ಮ ವ್ಯಾಪಾರಿ ಬಂಧುಗಳಿಗೆ ಆ ಪ್ರಶ್ನೆಯ ಬೆಲೆ ಗೊತ್ತಿರಲೇಬೇಕು. ಈ ಬಗೆಯ ದಸ್ತಗಿರಿಗಳಿಗೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿತು. ಸಂವಿಧಾನ ಆ ಹುಡುಗಿಯರ ಬೆನ್ನಿಗೆ ನಿಂತಿತು, ಯಾಕೆಂದರೆ ಹಿಡಿದವನು ಪೊಲೀಸು. ಅದೇ ನಾಲ್ಕು ಸಾಲಿಗೆ ಕಂಪೆನಿಯ ಮ್ಯಾನೇಜರು 'ನಾಳೆಯಿಂದ ಬರಬೇಡ' ಎಂದಿದ್ದರೆ? ಜೈಲಿಗೆ ಹೋದವನಿಗೆ ಜಾಮೀನು ಉಂಟು. ಕೆಲಸ ಹೋದವನಿಗೆ ರೇಷನ್ ಅಂಗಡಿಯಲ್ಲಿ ಯಾರು ಜಾಮೀನು ನಿಲ್ಲುತ್ತಾರೆ?

ಸರ್ಕಾರಿ ನೌಕರರ ಸ್ಥಿತಿ ಇದಕ್ಕಿಂತ ಒಂದು ಮೆಟ್ಟಿಲು ಮೇಲು. ಮೆರವಣಿಗೆ ಮಾಡಲೇಕೂಡದೆಂಬ ಬಿಹಾರ ಸರ್ಕಾರದ ನಿಯಮ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಫೇಸ್‌ಬುಕ್ ಬರಹಕ್ಕಾಗಿ ನೌಕರರೊಬ್ಬರ ಮೇಲೆ ಹೂಡಿದ್ದ ಇಲಾಖಾ ಕ್ರಮವನ್ನು ತ್ರಿಪುರಾ ಹೈಕೋರ್ಟು 2020ರಲ್ಲಿ ಒಪ್ಪಲಿಲ್ಲ.

ಗಿರಣಿಯವರಿಗೆ ನಿಜವಾಗಿ ಬೇಕಾದ ತೀರ್ಪು 1983ರದು, ಗ್ಲ್ಯಾಕ್ಸೋ ಮೊಕದ್ದಮೆಯದು. ಕಾರ್ಖಾನೆಯ ಆವರಣ ಮತ್ತು ಅದರ ಪಕ್ಕದಲ್ಲಿ ನಡೆದ ದುರ್ನಡತೆಗೆ ಶಿಕ್ಷೆ ಎಂದು ಅಲ್ಲಿನ ಸ್ಟ್ಯಾಂಡಿಂಗ್ ಆರ್ಡರು ಹೇಳುತ್ತಿತ್ತು. ಎಲ್ಲಿ ನಡೆದರೂ ಕಾರ್ಖಾನೆಗೆ ಸಂಬಂಧಿಸಿದ್ದಾದರೆ ಸಾಕು ಎಂದು ಮಾಲೀಕರು ಅದನ್ನು ಎಳೆದು ಹಿಗ್ಗಿಸಿದರು. ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು ಒಪ್ಪಲಿಲ್ಲ. ಊರಿನ ಶಾಂತಿ ಕಾಯುವುದು ಮಾಲೀಕನ ಕೆಲಸವಲ್ಲ, ಕೆಲಸಗಾರರಿಗೆ ಸಂಸ್ಕಾರ ಕಲಿಸುವ ಗುರುವೂ ಅವನಲ್ಲ ಎಂಬ ಅರ್ಥದಲ್ಲಿ ಬರೆದರು. ಗೇಟಿಗೆ ಗೇಟೆಂಬ ಬೆಲೆ ಕೊಟ್ಟ ತೀರ್ಪು ಅದು. ಈಗ ಮೊಬೈಲಿನ ಮೂಲಕ ಆ ಗೇಟನ್ನೇ ಕಿತ್ತು ನಮ್ಮ ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ.

2023ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠವೂ ಇದೇ ದಾರಿ ಹಿಡಿಯಿತು. ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರ, ಸಂಘದ ಕಾರ್ಯಕರ್ತ, ಖಾಸಗಿ ವಾಟ್ಸಪ್ ಗುಂಪಿನಲ್ಲಿ ಆಡಳಿತದ ಮೇಲೆ ಸಿಟ್ಟು ತೋಡಿಕೊಂಡಿದ್ದರು. ಬ್ಯಾಂಕು ಆರೋಪಪಟ್ಟಿ ಕೊಟ್ಟಿತು. ಕೋರ್ಟು ಅದನ್ನು ಕಿತ್ತುಹಾಕಿತು. ಇಬ್ಬರು ನೌಕರರು ಖಾಸಗಿಯಾಗಿ ಮೇಲಧಿಕಾರಿಯನ್ನು ಆಡಿಕೊಂಡರೆ ಯಾರೂ ಕೇಳದಿರುವಾಗ, ಹೊರಗಿನವರಿಗೆ ಪ್ರವೇಶವಿಲ್ಲದ ಗುಂಪಿನಲ್ಲಿ ಆಡಿದರೆ ಬೇರೆ ನ್ಯಾಯವೇ ಎಂಬುದು ಅಲ್ಲಿಯ ತರ್ಕ. ಒತ್ತಡ ಹೊರಹಾಕಿಕೊಳ್ಳುವುದೂ ನೌಕರನ ಹಕ್ಕೆಂದು ಕೋರ್ಟು ಹೇಳಿತು. ಸುಖಾಸನದಲ್ಲಿ ಕುಳಿತವರಿಗೆ ಇದು ಹೊಸ ಮಾತಿರಬಹುದು. ರಾತ್ರಿಪಾಳಿ ಮಾಡಿದವರಿಗೆ ಹೊಸದಲ್ಲ.

ಬಂಡವಾಳಶಾಹಿಯ ತವರೆನಿಸಿದ ಅಮೆರಿಕಾದಲ್ಲೂ ನೌಕರರು ಕೂಡಿ ತಮ್ಮ ಕೆಲಸದ ಸ್ಥಿತಿಯ ಬಗ್ಗೆ ಮಾತಾಡುವ ಹಕ್ಕನ್ನು 1935ರ ಕಾಯಿದೆ ಕಾಪಾಡುತ್ತದೆ. ಬಫಲೋ ನಗರದ ಸಂಸ್ಥೆಯೊಂದು ಫೇಸ್‌ಬುಕ್ ಮಾತಿಗಾಗಿ ಐವರನ್ನು ತೆಗೆದಾಗ, ಅವರನ್ನು ಮರಳಿ ಸೇರಿಸಿಕೊಂಡು ಹಿಂದಿನ ಸಂಬಳ ಕೊಡಬೇಕೆಂದು ಅಲ್ಲಿಯ ಕಾರ್ಮಿಕ ಮಂಡಳಿ 2012ರಲ್ಲಿ ಆಜ್ಞೆ ಮಾಡಿತು. ನೌಕರನ ಪಾಸ್‌ವರ್ಡ್ ಕೇಳಕೂಡದೆಂದು ಮೇರಿಲ್ಯಾಂಡ್ ಸಂಸ್ಥಾನ ಅದೇ ವರ್ಷ ಕಾಯಿದೆ ಮಾಡಿತು. ನಮ್ಮ ದೆಹಲಿಯವರು ಮಾಡಿದ್ದೇನು? 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯಲ್ಲಿ, ನೌಕರಿಯ ಉದ್ದೇಶಕ್ಕೂ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೂ ನೌಕರನ ಒಪ್ಪಿಗೆಯಿಲ್ಲದೆಯೇ ಅವನ ಮಾಹಿತಿ ಬಳಸಬಹುದೆಂದು ಬರೆದರು. ತಾನಾಗಿ ಬಹಿರಂಗಪಡಿಸಿದ ಮಾಹಿತಿಗಂತೂ ಆ ಕಾಯಿದೆಯೇ ಅನ್ವಯಿಸದು. ರಕ್ಷಣೆ ಯಾರಿಗೆ ಎಂದು ಬಿಡಿಸಿ ಹೇಳಬೇಕೆ? ಸಾಲದ್ದಕ್ಕೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಮುನ್ನೂರು ಜನರಿರುವ ಕಡೆ ಮಾತ್ರ ಸ್ಟ್ಯಾಂಡಿಂಗ್ ಆರ್ಡರು ಕಡ್ಡಾಯ. 1946ರ ಕಾಯಿದೆಯಲ್ಲಿ ನೂರು ಜನ ಸಾಕಿತ್ತು. ಯಾವುದು ತಪ್ಪು, ಯಾವುದು ಅಲ್ಲ ಎಂದು ಬರೆದಿಟ್ಟ ಕಾಗದವೇ ಸಣ್ಣ ಕಾರ್ಖಾನೆಯವರ ಕೈತಪ್ಪಿತು.

ಹಾಗಾದರೆ ಬಾಯಿಗೆ ಬಂದಂತೆ ಬರೆಯಬಹುದೆ ಎಂದು ಮಾಲೀಕರ ವಕೀಲರು ಕೇಳುತ್ತಾರೆ. ಬರೆಯಕೂಡದು. ಜೊತೆಯಲ್ಲಿ ದುಡಿಯುವ ಹೆಂಗಸನ್ನು ಹೀನವಾಗಿ ಬರೆದವನನ್ನು, ಜಾತಿ ಹಿಡಿದು ಬೈದವನನ್ನು ನಾವು ಕಾಪಾಡಲು ಹೊರಟಿಲ್ಲ. ಅವನು ತುಳಿಯುವುದು ಇನ್ನೊಬ್ಬ ಕೂಲಿಕಾರನನ್ನೇ. ಅವನ ಮೇಲೆ ವಿಚಾರಣೆ ನಡೆಯಲಿ. ಆದರೆ ಬೋನಸ್ ಬಂದಿಲ್ಲ, ಕಕ್ಕಸಿನಲ್ಲಿ ನೀರಿಲ್ಲ, ಯಂತ್ರಕ್ಕೆ ಕಾಪು ಇಲ್ಲ ಎಂದು ಬರೆಯುವುದನ್ನೂ ಅದೇ ಸಾಲಿಗೆ ಸೇರಿಸಿ 'ಶಿಸ್ತುಭಂಗ' ಎನ್ನುವ ಜಾಣತನ ನಮಗೆ ಬೇಡ.

ಒಬ್ಬಿಬ್ಬರು ಹುಡುಗರನ್ನಿಟ್ಟುಕೊಂಡ ಅಂಗಡಿಯವರು ಇದು ತಮ್ಮ ಮೇಲೆ ಬಿಟ್ಟ ಬಾಣವೆಂದು ತಿಳಿಯಬಾರದು. ಏಜೆನ್ಸಿ ಕೊಟ್ಟ ಕಂಪೆನಿಯ ಕಳಪೆ ಮಾಲಿನ ಬಗ್ಗೆ ವ್ಯಾಪಾರಿಯೇ ನಾಲ್ಕು ಮಾತು ಬರೆದು, ಮರುವಾರ ಲಾರಿ ಬರದೆ ಹೋದರೆ ಅವನೂ ಕೂಲಿಕಾರನ ಪಕ್ಕದಲ್ಲೇ ನಿಂತಿರುತ್ತಾನೆ.

1908ರಲ್ಲಿ ತಿಲಕರಿಗೆ ಬರೆದ ತಪ್ಪಿಗೆ ಆರು ವರ್ಷ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಮಗ್ಗ ನಿಲ್ಲಿಸಿದರು. ಅದು ಕೂಲಿಗಾಗಿ ಹೂಡಿದ ಮುಷ್ಕರವಲ್ಲ, ಇನ್ನೊಬ್ಬರ ಮಾತಿಗಾಗಿ. ಇಂದು ನಾವು ಕೇಳುತ್ತಿರುವುದು ನಮ್ಮದೇ ಮಾತಿಗಾಗಿ: ಕೆಲಸದ ವೇಳೆಯ ಹೊರಗೆ ಕೂಲಿ, ಸುರಕ್ಷತೆ, ಸಂಘ, ರಾಜಕೀಯ ಕುರಿತು ಬರೆದದ್ದಕ್ಕೆ ಶಿಕ್ಷಿಸುವುದನ್ನು, ಫೋನು ತೆಗೆದು ತೋರಿಸೆನ್ನುವುದನ್ನು ಅನುಚಿತ ಕಾರ್ಮಿಕ ಪದ್ಧತಿಯೆಂದು ಕಾಯಿದೆಯಲ್ಲಿ ಸೇರಿಸಬೇಕು. ಇದು ವಿಧಾನಸೌಧಕ್ಕೂ ದೆಹಲಿಗೂ ಮುಟ್ಟಲಿ. ಅಲ್ಲಿಯವರೆಗೆ, ಇಂಥ ನೋಟೀಸು ಬಂದವರು ಕ್ಷಮಾಪಣೆಗೆ ಸಹಿ ಹಾಕುವ ಮೊದಲು ಆ ಕಾಗದವನ್ನು ಸಂಘದ ಕಚೇರಿಗೆ ತರಬೇಕು; ಗುಂಪಿನ ಮಾತನ್ನು ಹೊರಗೆ ದಾಟಿಸಿದವರು ಯಾರೆಂಬ ಜಗಳವನ್ನು ಆಮೇಲೆ ನೋಡೋಣ.